ಹಾವು ಕಚ್ಚಿದವರು ಸತ್ತಂತೆ ಬಿದ್ದಿದ್ದರೂ ನಮ್ಮ ಮಾತು ಅವರಿಗೆ ಕೇಳಿಸುತ್ತದೆಯೇ?

ಕೇಳಿಸಬಹುದು. ಅದರಲ್ಲೂ ಕಚ್ಚಿದ್ದು ಕಟ್ಟುಹಾವು, ಅಂದರೆ ಕಡಂಬಳ ಆಗಿದ್ದರೆ.

ನಮ್ಮ ಹಾವೇರಿ, ಗದಗ ಕಡೆ ಮಳೆಗಾಲದಲ್ಲಿ ಚಾಪೆ ಹಾಸಿ ನೆಲದ ಮೇಲೆ ಮಲಗಿದವರಿಗೆ ಇದು ರಾತ್ರಿ ಕಚ್ಚುತ್ತದೆ. ಬಾವು ಬರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ. ಮನೆಯವರು ರಾತ್ರಿಯ ಊಟ ಆಗಿಬರಲಿಲ್ಲ ಅಂದುಕೊಂಡು ಅಜವಾನದ ನೀರು ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ನಾಲಿಗೆ ತೊದಲುತ್ತದೆ, ಉಗುಳು ನುಂಗಲೂ ಆಗುವುದಿಲ್ಲ.

ಈ ವಿಷ ಕೆಡಿಸುವುದು ಮಿದುಳನ್ನಲ್ಲ, ನರದ ತುದಿಯನ್ನು. ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅಲ್ಲಿಂದ ಹೊರಡುವುದೇ ನಿಲ್ಲುತ್ತದೆ. ಕೈಕಾಲು ಆಡುವುದಿಲ್ಲ, ಉಸಿರು ನಿಲ್ಲುತ್ತದೆ. ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಕುಗ್ಗದೆ ಅಗಲವಾಗಿಯೇ ಇರಬಹುದು. ಮಿದುಳು ಸತ್ತಿದೆ ಎಂದು ಮೋಸಹೋಗುವುದು ಇಲ್ಲೇ. ಒಳಗೆ ಮನುಷ್ಯ ಎಚ್ಚರವಾಗಿರಬಹುದು. ದಯವಿಟ್ಟು ಹಾಸಿಗೆಯ ಪಕ್ಕ ನಿಂತು "ಇನ್ನ ಉಳಿಯೂದಿಲ್ಲ ಬಿಡ್ರಿ" ಅನ್ನಬೇಡಿ.

ನಾಗರಹಾವಿನದು ಬೇರೆ ದಾರಿ. ಅದರ ವಿಷ ಸ್ನಾಯುವಿನ ಬದಿಗೆ ಅಂಟುತ್ತದೆ, ನಿಯೋಸ್ಟಿಗ್ಮಿನ್ ಚುಚ್ಚುಮದ್ದು ನೆರವಾಗುತ್ತದೆ. ಕಟ್ಟುಹಾವಿಗೆ ಅದು ಸಾಮಾನ್ಯವಾಗಿ ನಾಟುವುದಿಲ್ಲ. ಆಗಲೇ ಕೆಟ್ಟ ನರತುದಿಯನ್ನು ಪ್ರತಿವಿಷವೂ ಸರಿಮಾಡದು, ಅದಕ್ಕೇ ಅದನ್ನು ಬೇಗ ಕೊಡಬೇಕು. ತುದಿ ಮತ್ತೆ ಚಿಗುರುವ ತನಕ, ದಿನಗಟ್ಟಲೆ, ವೆಂಟಿಲೇಟರೇ ಉಸಿರು. ಆದ್ದರಿಂದ ನಸುಕಿನ ಹೊಟ್ಟೆನೋವಿನ ಜೊತೆ ರೆಪ್ಪೆ ಜೋತುಬಿದ್ದದ್ದು ಕಂಡರೆ, ಹಾವನ್ನು ಯಾರೂ ನೋಡಿರದಿದ್ದರೂ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.