ಯುದ್ಧಭೂಮಿಯ ಪ್ರೇಮಪತ್ರ ಅಂಗೈಯಗಲ ಏಕೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನೊಬ್ಬ ಪ್ರೇಯಸಿಗೆ ಬರೆದ ಕಾಗದವನ್ನು ಪ್ರದರ್ಶನವೊಂದರಲ್ಲಿ ನೋಡಿದೆ. ಅಂಗೈಯಷ್ಟೇ ಇದೆ, ಅಕ್ಷರಗಳು ಇರುವೆಸಾಲು. ಆಗ ಕಾಗದಕ್ಕೆ ಅಷ್ಟು ಅಭಾವವಿತ್ತೆ?

ಉತ್ತರ: ಅಭಾವವಿದ್ದದ್ದು ಹಡಗು, ವಿಮಾನಗಳಲ್ಲಿ ಜಾಗಕ್ಕೆ. ನೀವು ನೋಡಿದ್ದು ಅವನು ಬರೆದ ಹಾಳೆಯಲ್ಲ, ಅದರ ಫೋಟೊ. 1942ರ ಜೂನ್‌ನಲ್ಲಿ ಶುರುವಾದ ಈ ಏರ್ಪಾಡಿನ ಹೆಸರು ವಿ-ಮೇಲ್, ಅಂದರೆ ವಿಕ್ಟರಿ (ವಿಜಯ) ಮೇಲ್. ಬ್ರಿಟಿಷರು 1941ರಲ್ಲೇ ಏರ್‌ಗ್ರಾಫ್ ಎಂಬ ಹೆಸರಿನಲ್ಲಿ ಇದನ್ನೇ ಮಾಡುತ್ತಿದ್ದರು.

ಸೈನಿಕ ಅಚ್ಚಾದ ನಮೂನೆಯ ಒಂದೇ ಮಗ್ಗುಲಲ್ಲಿ, ಗಾಢ ಮಸಿಯಲ್ಲಿ ಬರೆಯಬೇಕು. ಮೇಲ್ಭಾಗದ ಚೌಕದಲ್ಲಿ ವಿಳಾಸವನ್ನು ದಪ್ಪಕ್ಷರದಲ್ಲಿ ತುಂಬಬೇಕು. ಆ ಹಾಳೆಯನ್ನು 16 ಮಿ.ಮೀ. ಫಿಲ್ಮಿನಲ್ಲಿ ಸೆರೆಹಿಡಿದು, ಫಿಲ್ಮಿನ ಸುರುಳಿಯನ್ನಷ್ಟೇ ಸಮುದ್ರ ದಾಟಿಸುತ್ತಿದ್ದರು. ಅಲ್ಲಿ ಸುಮಾರು ನಾಲ್ಕೂಕಾಲು ಇಂಚು ಅಗಲ, ಐದೂಕಾಲು ಇಂಚು ಉದ್ದದ ಪ್ರತಿ ತೆಗೆದು ಮನೆಗೆ ಮುಟ್ಟಿಸುತ್ತಿದ್ದರು. ಒಂದೂವರೆ ಲಕ್ಷ ಒಂದು ಪುಟದ ಕಾಗದಗಳಿಗೆ 37 ಅಂಚೆಚೀಲ, ಸುಮಾರು 1,170 ಕಿಲೊ ತೂಕ. ಫಿಲ್ಮಾದರೆ ಒಂದೇ ಚೀಲ, 20 ಕಿಲೊ.

ಕಷ್ಟ ಇದ್ದದ್ದು ಬರೆಯುವ ಕೈಯಲ್ಲಿ. ಮನಸ್ಸು ತುಂಬಿ ಬಂದವನು ಜಾಗ ಸಾಲದೆ ಅಂಚಿನವರೆಗೂ ಸಣ್ಣಕ್ಷರ ತುರುಕಿದರೆ ಪ್ರತಿಯಲ್ಲಿ ಅದು ಬರೀ ಗೀಚು. ಪೆನ್ಸಿಲ್ ಬರಹ ಮಾಸಲಾಗಿ ಬರುತ್ತಿತ್ತು. ಊರಿನಿಂದ ಬರೆಯುವ ಹುಡುಗಿಯರು ಒಕ್ಕಣೆಯ ಕೊನೆಗೆ ಲಿಪ್‌ಸ್ಟಿಕ್ ತುಟಿ ಒತ್ತಿ ಕಳಿಸಿದರಂತೂ ಆ ಬಣ್ಣ ಯಂತ್ರಕ್ಕೆ ಮೆತ್ತಿಕೊಂಡು ಕೆಲಸವೇ ಕೆಡುತ್ತಿತ್ತು. ಅಂಚೆಯವರು ಅದಕ್ಕೆ ‘ಕೆಂಪು ಪಿಡುಗು’ ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಜೊತೆಗೆ ಫೋಟೊ, ಒಣಗಿದ ಹೂವು ಏನನ್ನೂ ಇಡುವಂತಿರಲಿಲ್ಲ. ಅದಕ್ಕೆ ಮಾಮೂಲಿ ಲಕೋಟೆಯೇ ಗತಿ.

ಪ್ರತಿ ಸೇರಿದ್ದು ಖಾತ್ರಿಯಾಗುವವರೆಗೆ ಮೂಲ ಹಾಳೆಯನ್ನು ಇಟ್ಟುಕೊಂಡಿರುತ್ತಿದ್ದರು. ಫಿಲ್ಮು ಕಳೆದುಹೋದರೆ ಮತ್ತೆ ತೆಗೆಯಲು ಅದು ಬೇಕಿತ್ತು. ಆಮೇಲೆ ನಾಶಮಾಡುತ್ತಿದ್ದರು. ಹಾಗಾಗಿ ಅವನ ಕೈ ತಾಗಿದ ಹಾಳೆ ಅವಳ ಕೈಗೆ ಬರುತ್ತಲೇ ಇರಲಿಲ್ಲ. ನಮಗೆ ಈ ಕಾಗದಗಳಲ್ಲಿ ಬಹಳ ತಟ್ಟುವುದು ಇದೇ.

ಪ್ರಶ್ನೆ: ಎಲ್ಲಿದ್ದೇನೆಂದು ಅವನು ಒಂದು ಕಡೆಯೂ ಹೇಳಿಲ್ಲ. ಪ್ರೇಮದ ಮಾತನ್ನೂ ಬೇರೆಯವರು ಓದುತ್ತಿದ್ದರೆ?

ಉತ್ತರ: ಓದುತ್ತಿದ್ದರು. ಸಾಮಾನ್ಯ ಸೈನಿಕನ ಕಾಗದವನ್ನು ಅವನ ತುಕಡಿಯ ಅಧಿಕಾರಿಯೇ ಓದಿ ಸಹಿ ಹಾಕಬೇಕಿತ್ತು. ಊರಿನ ಹೆಸರು, ಹಡಗಿನ ಹೆಸರು, ಆಯುಧ, ತುಕಡಿಯ ಬಲ ಕಂಡರೆ ಬ್ಲೇಡಿನಿಂದ ಕತ್ತರಿಸುತ್ತಿದ್ದರು, ಇಲ್ಲವೇ ಮಸಿ ಬಳಿಯುತ್ತಿದ್ದರು. ಬೆಳಿಗ್ಗೆ ಎದುರಿಗೆ ನಿಲ್ಲಬೇಕಾದ ಅಧಿಕಾರಿಯೇ ತನ್ನ ಮುದ್ದುಮಾತು ಓದುತ್ತಾನೆಂಬ ಸಂಕೋಚ ಸಣ್ಣದಲ್ಲ. ಅದಕ್ಕೊಂದು ದಾರಿಯಿತ್ತು: ನೀಲಿ ಲಕೋಟೆ. ಒಳಗಿರುವುದು ಖಾಸಗಿ ವಿಷಯ ಮಾತ್ರ ಎಂದು ಸಹಿ ಮಾಡಿದರೆ ಅದನ್ನು ತುಕಡಿಯವರು ತೆರೆಯುತ್ತಿರಲಿಲ್ಲ. ದೂರದ ನೆಲೆಯ ಸೆನ್ಸಾರ್ ತೆರೆದರೂ ಅವನು ಗುರುತಿನವನಲ್ಲ.

ಮೊದಲ ಮಹಾಯುದ್ಧದ ಬ್ರಿಟಿಷ್ ಸೇನೆಯಲ್ಲಿ ಇಂಥದೇ ಹಸಿರು ಲಕೋಟೆ ಇತ್ತು. ಆಗ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಕಾಗದಗಳಿಗೂ ಸೆನ್ಸಾರ್ ಇತ್ತು. ಅವುಗಳಲ್ಲಿ ಗುಟ್ಟಿನ ಮಾತುಗಳಿದ್ದವು: ‘ಕರಿಮೆಣಸು’ ಎಂದರೆ ಭಾರತೀಯರು, ‘ಕೆಂಪು ಮೆಣಸು’ ಎಂದರೆ ಬಿಳಿಯರು. ಸೆನ್ಸಾರ್‌ನವರಿಗೆ ಇದು ಗೊತ್ತಾಗಿತ್ತು.

ಪ್ರಶ್ನೆ: ಇಂಥ ಕಾಗದಗಳ ಕಟ್ಟೊಂದು ಸಿಕ್ಕರೆ ಹೇಗೆ ಜೋಡಿಸಬೇಕು?

ಉತ್ತರ: ಮೊದಲು ರಬ್ಬರ್ ಬ್ಯಾಂಡ್, ಪಿನ್ನು ತೆಗೆಯಿರಿ. ರಬ್ಬರ್ ಅಂಟಿಕೊಳ್ಳುತ್ತದೆ, ಪಿನ್ನು ತುಕ್ಕು ಬಿಡುತ್ತದೆ. ಲಕೋಟೆಯನ್ನು ಕಾಗದದಿಂದ ಬೇರೆ ಮಾಡಬೇಡಿ: ಠಸ್ಸೆಯ ತಾರೀಖು ಅದರ ಮೇಲಿರುತ್ತದೆ. ಅಂಚೆ ತಡವಾಗಿ, ಹಿಂದುಮುಂದಾಗಿ ಬರುತ್ತಿದ್ದರಿಂದ ಎಷ್ಟೋ ಸೈನಿಕರು ಕಾಗದಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದರು. ಸಂಖ್ಯೆ ಇದ್ದರೆ ಅದರಂತೆ, ಇಲ್ಲದಿದ್ದರೆ ಬರೆದ ತಾರೀಖಿನಂತೆ ಜೋಡಿಸಿ. ಸೇನಾ ಅಂಚೆಕಚೇರಿಯ (ಎಪಿಒ) ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅವನು ಹೇಳಲಾಗದ ಊರಿನ ಸುಳಿವನ್ನು ತಾರೀಖಿನ ಜೊತೆ ಆ ಸಂಖ್ಯೆ ಕೊಡುತ್ತದೆ. ಹರಿದ ಕಡೆ ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಖಂಡಿತ ಬೇಡ. ವಿ-ಮೇಲ್ ಪ್ರತಿ ಫೋಟೊ ಕಾಗದವಾದ್ದರಿಂದ ಅಂಚು ಹಿಡಿದೇ ಎತ್ತಿ, ಬಿಸಿಲಿಗೆ ಒಡ್ಡಬೇಡಿ. ಅಕ್ಷರ ಕಾಣದಿದ್ದರೆ ಭೂತಗನ್ನಡಿಗಿಂತ ಸ್ಕ್ಯಾನ್ ಮಾಡಿ ಹಿಗ್ಗಿಸಿ ಓದುವುದು ಸುಲಭ.