ಗೊತ್ತಿಲ್ಲದೆ ಏರ್‌ಪೋರ್ಟ್ ಆಕಾಶಕ್ಕೆ ನುಗ್ಗಿದ ಪೈಲಟ್‌ಗೆ ಏನಾಗುತ್ತದೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಜತೆಗೆ ಸ್ವಲ್ಪ ಬೆವರೂ ಬಂತು. ಜಕ್ಕೂರು ಹತ್ತಿರ ಮನೆ, ತಲೆ ಮೇಲೆ ಚಿಕ್ಕ ವಿಮಾನಗಳು ಸುತ್ತುತ್ತಲೇ ಇರುತ್ತವೆ, ಅದರಲ್ಲೊಂದು ದಾರಿ ತಪ್ಪಿ ದೇವನಹಳ್ಳಿಯ ದೊಡ್ಡ ವಿಮಾನಗಳ ನಡುವೆ ನುಗ್ಗಿದರೆ ಹೊಡೆದು ಉರುಳಿಸುತ್ತಾರಾ, ಲೈಸೆನ್ಸ್ ಹೋಗುತ್ತಾ ಅಂತ ಕೇಳಿದ್ದೀರಿ. ನಾನೇ ಒಮ್ಮೆ ಹಾಗೆ ನುಗ್ಗಿದ್ದೇನೆ. ಯಾರೂ ಹೊಡೆದು ಉರುಳಿಸಲಿಲ್ಲ. ಲೈಸೆನ್ಸೂ ಹೋಗಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ಕಲಿಯುವವರ ಲೈಸೆನ್ಸ್ ಮಾತ್ರ, ಬೈಕಿಗೆ ಎಲ್‌ಎಲ್‌ಆರ್ ಇದ್ದ ಹಾಗೆ.

ಮೊದಲು ಒಂದು ವಿಷಯ. ನಿಯಂತ್ರಿತ ವಾಯುಪ್ರದೇಶ ಅಂದರೆ ಯಾರೂ ಹೋಗಬಾರದ ಜಾಗ ಅಲ್ಲ. ನೆಲದ ಮೇಲಿರುವ ಕಂಟ್ರೋಲರನ್ನು ರೇಡಿಯೋದಲ್ಲಿ ಕೇಳಿಕೊಂಡು ಹೋಗಬೇಕಾದ ಜಾಗ. ಬೆಂಗಳೂರಿನ ಉತ್ತರಕ್ಕಂತೂ ಕೇಳದೆ ಹೋಗುವ ಆಕಾಶ ಹುಡುಕುವುದೇ ಕಷ್ಟ. ಜಕ್ಕೂರಿನಲ್ಲಿ ತರಬೇತಿ ವಿಮಾನಗಳು. ಪಕ್ಕದಲ್ಲೇ ಯಲಹಂಕ ವಾಯುನೆಲೆ. ಅದರಾಚೆ ದೇವನಹಳ್ಳಿ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್‌ನಿಂದ ಅಲ್ಲಿಗೆ ಹೋದ ಮೇಲೆ ಈ ಕಡೆ ಇನ್ನೂ ಇಕ್ಕಟ್ಟಾಯಿತು. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ದಿನಗಳಲ್ಲಿ ಕೇಳಲೇಬೇಡಿ, ದೊಡ್ಡ ವಿಮಾನಗಳ ಟೈಮೇ ಬದಲಾಗುತ್ತದೆ.

ಈಗ ನನ್ನ ಕಥೆ. ಕಲಿತ ಶಾಲೆಯ ಹೆಸರು ಬೇಡ, ತಪ್ಪು ಪೂರ್ತಿ ನನ್ನದೇ. ದೇವನಹಳ್ಳಿಗೆ ಎರಡನೇ ರನ್‌ವೇ ಬಂದದ್ದು 2019ರಲ್ಲಿ. ಇದು ಅದಕ್ಕಿಂತ ಮುಂಚಿನ ಮಾತು. ಜುಲೈ ತಿಂಗಳು, ಒಬ್ಬನೇ ಹಾರುತ್ತಿದ್ದೆ. ಸೆಸ್ನಾ ಅನ್ನೋ ಹಳೇ ಚಿಕ್ಕ ವಿಮಾನ, ಜಿಪಿಎಸ್ ಇಲ್ಲ. ನಕ್ಷೆ, ದಿಕ್ಸೂಚಿ, ಕೈಗಡಿಯಾರ, ಅಷ್ಟೇ. ಮಾಗಡಿ ಕಡೆಯಿಂದ ಉತ್ತರಕ್ಕೆ ಬಂದು, ಹೆಸರಘಟ್ಟ ಕೆರೆ ಗುರುತಿಸಿ, ಅಲ್ಲಿಂದ ರೇಡಿಯೋದಲ್ಲಿ ಕೇಳಿಕೊಂಡು ತಿರುಗಬೇಕಿತ್ತು.

ಜುಲೈನಲ್ಲಿ ಇಲ್ಲಿ ಪಶ್ಚಿಮದ ಗಾಳಿ. ಅಂದು 15 ನಾಟ್ ಇತ್ತು, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಸುಮ್ನೆ ನೇರ ಹೋದರೂ ಹನ್ನೆರಡು ನಿಮಿಷದಲ್ಲಿ ಗಾಳಿ ನಿಮ್ಮನ್ನು ಐದೂವರೆ ಕಿಲೋಮೀಟರ್ ಪೂರ್ವಕ್ಕೆ ತಳ್ಳಿರುತ್ತದೆ. ಅದಕ್ಕೇ ಮೂಗನ್ನು ಸುಮಾರು ಹತ್ತು ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿಕೊಂಡು ಹಾರಬೇಕು. ಆ ಹತ್ತು ಡಿಗ್ರಿಯ ಲೆಕ್ಕ ನಾನು ಸರಿಯಾಗಿಯೇ ಹಾಕಿದ್ದೆ. ಆದರೆ ದಿಕ್ಸೂಚಿಯ ಅಂಕಿಯಿಂದ ಅದನ್ನು ಕಳೆಯಬೇಕಾದ ಕಡೆ ಕೂಡಿಸಿದ್ದೆ! ಗಾಳಿಯೂ ಪೂರ್ವಕ್ಕೆ ತಳ್ಳಿತು, ನಾನೂ ಪೂರ್ವಕ್ಕೇ ಹೊರಟೆ. ಎರಡೂ ಸೇರಿ ಹನ್ನೊಂದು ಕಿಲೋಮೀಟರ್.

ಇನ್ನು ಕೆರೆ. ನಕ್ಷೆಯಲ್ಲಿ ಹೆಸರಘಟ್ಟ ಕೆರೆ ತುಂಬ ನೀಲಿ. ನಿಜದಲ್ಲಿ ಆ ವರ್ಷಗಳಲ್ಲಿ ಅಲ್ಲಿ ಇದ್ದದ್ದು ಹುಲ್ಲು. ನನ್ನ ಕಣ್ಣು ಹುಡುಕುತ್ತಿದ್ದದ್ದು ನೀರು. ಸರಿಯಾಗಿ ಹನ್ನೆರಡನೇ ನಿಮಿಷಕ್ಕೆ ನೀರಿದ್ದ ಕೆರೆಯೊಂದು ಸಿಕ್ಕೇಬಿಟ್ಟಿತು. ಅದರ ಆಚೆ ರೈಲು ಹಳಿ ಕಾಣಿಸಿತು. ಹೆಸರಘಟ್ಟ ಕೆರೆ ಪಕ್ಕ ಹಳಿ ಇಲ್ಲ, ಅದು ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹಳಿ. ನನಗೆ ಏನನಿಸಿತು ಗೊತ್ತಾ? ನಕ್ಷೆ ಬರೆದವರು ಹಳಿ ಹಾಕೋದು ಮರೆತಿದ್ದಾರೆ ಅನಿಸಿತು.

ಇದರಲ್ಲಿ ಇನ್ನೊಂದು ತಮಾಷೆ ಇದೆ, ಆಗ ತಮಾಷೆ ಅನಿಸಿರಲಿಲ್ಲ ಬಿಡಿ. ವಿಮಾನ ಏರುವುದು ಗಾಳಿಗೆ ಎದುರಾಗಿ. ದೇವನಹಳ್ಳಿ ರನ್‌ವೇ ಪೂರ್ವ ಪಶ್ಚಿಮವಾಗಿದೆ. ಹಾಗಾಗಿ ಪಶ್ಚಿಮದ ಗಾಳಿ ಬೀಸುವ ದಿನ ದೊಡ್ಡ ವಿಮಾನಗಳು ಪಶ್ಚಿಮಕ್ಕೇ ಏರುತ್ತವೆ. ಅಂದರೆ ನನ್ನನ್ನು ಅತ್ತ ತಳ್ಳಿದ ಗಾಳಿಯೇ ಅವುಗಳನ್ನು ನನ್ನ ಎದುರಿಗೆ ಕಳಿಸುತ್ತಿತ್ತು.

ರೇಡಿಯೋದಲ್ಲಿ ಕಂಟ್ರೋಲರ್ ಶಾಂತವಾಗಿ "ಕನ್ಫರ್ಮ್ ಯುವರ್ ಪೊಸಿಷನ್" ಅಂದರು. "ಓವರ್‌ಹೆಡ್ ಹೆಸರಘಟ್ಟ" ಅಂದೆ, ಜಂಬದಿಂದ. ಎರಡು ಸೆಕೆಂಡ್ ಮೌನ. ಆಮೇಲೆ "ಸ್ಕ್ವಾಕ್ ಐಡೆಂಟ್". ಟ್ರಾನ್ಸ್‌ಪಾಂಡರ್‌ನಲ್ಲಿ ಒಂದು ಬಟನ್ ಇರುತ್ತದೆ, ಒತ್ತಿದರೆ ಅವರ ರಾಡಾರ್ ಪರದೆ ಮೇಲೆ ನಮ್ಮ ಗುರುತು ಎದ್ದು ಕಾಣುತ್ತದೆ. ಒತ್ತಿದೆ. ತಕ್ಷಣ ಎಡಕ್ಕೆ, ಪಶ್ಚಿಮಕ್ಕೆ ತಿರುಗು ಅಂದರು, ಎಷ್ಟು ಎತ್ತರದಲ್ಲಿರಬೇಕು ಅಂತಲೂ ಹೇಳಿದರು. ಬೈಗುಳ ಒಂದೂ ಇಲ್ಲ. ಅಷ್ಟು ಹೊತ್ತು ಅಲ್ಲಿ ರನ್‌ವೇ ಮೇಲೆ ಒಂದು ವಿಮಾನವನ್ನು ನಿಲ್ಲಿಸಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಒಳಗೆ ಕೂತವರು ಯಾರನ್ನು ಬೈದುಕೊಂಡರೋ!

ಕೆಳಗಿಳಿದ ಮೇಲೆ ಬರೆದು ಕೊಡಬೇಕಾಯಿತು. ನಮ್ಮ ಇನ್‌ಸ್ಟ್ರಕ್ಟರ್ ಓದಿ ಒಂದೇ ಪ್ರಶ್ನೆ ಕೇಳಿದರು. "ಹಳಿ ಕಂಡಿತೇನಪ್ಪಾ?"

"ಕಂಡಿತು ಸರ್."

"ಮತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರ ಒಬ್ಬನೇ ಹಾರುವುದು ಬಂದ್.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುತ್ತದೆ ಅಂತಲ್ಲ. ತಪ್ಪು ದೊಡ್ಡದಿದ್ದರೆ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಬಹುದು. ರೇಡಿಯೋಗೆ ಉತ್ತರ ಕೊಡದೆ ಹೋಗುತ್ತಲೇ ಇದ್ದರೆ ಮಾತೇ ಬೇರೆ. 2005ರ ಮೇ 11ರಂದು ಅಮೆರಿಕದಲ್ಲಿ ಒಂದು ಸೆಸ್ನಾ 150 ದಾರಿ ತಪ್ಪಿ ವಾಷಿಂಗ್ಟನ್‌ನ ನಿರ್ಬಂಧಿತ ಆಕಾಶಕ್ಕೆ ಹೋಯಿತು. ಶ್ವೇತಭವನ, ಸಂಸತ್ ಭವನ ಎರಡನ್ನೂ ಖಾಲಿ ಮಾಡಿಸಿದರು. ಎಫ್-16 ವಿಮಾನಗಳು ಎದ್ದು ಬಂದು ಬೆಂಕಿಯುಂಡೆ ಉದುರಿಸಿ ಎಚ್ಚರಿಸಿದವು. ಆದರೂ ಗುಂಡು ಹಾರಿಸಲಿಲ್ಲ. ಪೈಲಟ್‌ನ ಲೈಸೆನ್ಸ್ ರದ್ದಾಯಿತು, ಪಕ್ಕದಲ್ಲಿದ್ದ ವಿದ್ಯಾರ್ಥಿಗೆ ಶಿಕ್ಷೆ ಇಲ್ಲ. ಹಾಗೆ ಯುದ್ಧವಿಮಾನ ಪಕ್ಕಕ್ಕೆ ಬಂದು ರೆಕ್ಕೆ ಅಲುಗಿಸಿದರೆ, ನನ್ನ ಹಿಂದೆ ಬಾ ಅಂತ ಅರ್ಥ. ನಾವೂ ರೆಕ್ಕೆ ಅಲುಗಿಸಿ, ರೇಡಿಯೋವನ್ನು ತುರ್ತು ತರಂಗಾಂತರವಾದ 121.5ಕ್ಕೆ ಹಾಕಿ ಮಾತಾಡಿ, ತಕರಾರಿಲ್ಲದೆ ಹಿಂದೆ ಹೋಗಬೇಕು.

ಅಂದಹಾಗೆ, ನಿಮ್ಮ ಮನೆ ಮೇಲೆ ಸುತ್ತುವವರು ದಾರಿ ತಪ್ಪಿದವರಲ್ಲ. ಏರಿ, ಒಂದು ಸುತ್ತು ಹಾಕಿ, ಇಳಿದು, ಮತ್ತೆ ಏರುವ ಅಭ್ಯಾಸ ಅದು. ಒಂದೇ ವಿಮಾನ ಎಂಟು ಹತ್ತು ಸಲ ಬಂದರೆ ಗಾಬರಿಯಾಗಬೇಡಿ. ಒಳಗಿರುವ ಹುಡುಗ ಇಳಿಸುವುದನ್ನು ಇನ್ನೂ ಕಲಿಯುತ್ತಿದ್ದಾನೆ ಅಷ್ಟೇ.