ಬೇಡಿದ್ದು, ಸಿಕ್ಕಿದ್ದು: ಪ್ರಾರ್ಥನೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಬೇಡುವ ಮುಂಚೆಯೇ ನಮಗೆ ಏನು ಬೇಕೆಂಬುದು ತಂದೆಗೆ ಗೊತ್ತು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 6:8). ಎಲ್ಲವೂ ದೇವರ ಸಂಕಲ್ಪದಂತೆಯೇ ನಡೆಯುವುದಾದರೆ ಬೇಡುವುದೇಕೆ?

ಉತ್ತರ: ಮುಂದಿನ ವಚನವನ್ನೂ ಓದಿ. ತಂದೆಗೆ ಗೊತ್ತಿದೆ, ಸುಮ್ಮನಿರಿ ಎಂದು ಅಲ್ಲಿಲ್ಲ. ಆದ್ದರಿಂದ ಹೀಗೆ ಪ್ರಾರ್ಥಿಸಿ ಎಂದಿದೆ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಶುರುವಾಗುವುದೇ ಅಲ್ಲಿ. ದೇವರಿಗೆ ಸುದ್ದಿ ಮುಟ್ಟಿಸಲೆಂದು ನಾವು ಪ್ರಾರ್ಥಿಸುವುದಲ್ಲ. 13ನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ: ದೇವರು ಫಲವನ್ನಷ್ಟೇ ಅಲ್ಲ, ಅದು ಬರಬೇಕಾದ ದಾರಿಯನ್ನೂ ಗೊತ್ತುಮಾಡುತ್ತಾರೆ, ಪ್ರಾರ್ಥನೆ ಅಂಥ ದಾರಿಗಳಲ್ಲೊಂದು. ಬೆಳೆ ದೇವರ ಕೈಯಲ್ಲಿದೆ ಎಂದು ಯಾರೂ ಬಿತ್ತನೆ ಬಿಡುವುದಿಲ್ಲವಲ್ಲ.

ಪರ್ಷಿಯದ ಅರಸನಿಗೆ ಪಾನಪಾತ್ರೆ ಕೊಡುವ ಸೇವಕನಾಗಿದ್ದ ಯೆಹೂದ್ಯ ನೆಹೆಮೀಯನನ್ನೇ ನೋಡಿ. ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಅವನಿಗೆ ತಿಳಿದದ್ದು ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳಲ್ಲಿ. ನಿನಗೇನು ಬೇಕೆಂದು ಅರಸ ಕೇಳಿದ್ದು ನೈಸಾನ್‌ನಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅರಸ ಕೇಳಿದ ಆ ಕ್ಷಣದಲ್ಲೂ ಅವನು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ, ಆಮೇಲೆ ಬಾಯಿಬಿಟ್ಟ. ಏನು ಕೇಳಿದ ಗೊತ್ತೇ? ಇಷ್ಟು ದಿನದ ರಜೆ, ನದಿಯಾಚೆಯ ಅಧಿಪತಿಗಳಿಗೆ ಪತ್ರ, ಬಾಗಿಲುಗಳಿಗೂ ಗೋಡೆಗೂ ಮರ ಕೊಡುವಂತೆ ಅರಸನ ಅರಣ್ಯಪಾಲಕ ಆಸಾಫನಿಗೆ ಇನ್ನೊಂದು ಪತ್ರ. ತಡವರಿಸಲಿಲ್ಲ. ಕಾದ ದಿನಗಳು ಅವನ ಕೋರಿಕೆಯನ್ನು ಹದಗೊಳಿಸಿದ್ದವು ಎಂದೇ ನಮ್ಮ ನಂಬಿಕೆ. ಮುಂದೆ ಶತ್ರುಗಳು ಬೆದರಿಸಿದಾಗ ಪ್ರಾರ್ಥನೆಯನ್ನೂ ಮಾಡಿದರು, ಹಗಲಿರುಳು ಕಾವಲನ್ನೂ ಹಾಕಿದರು (4:9).

ಪ್ರಶ್ನೆ: ಎಷ್ಟೋ ವರ್ಷಗಳಿಂದ ಒಂದೇ ವಿಷಯಕ್ಕಾಗಿ ಬೇಡುತ್ತಿದ್ದೇನೆ. ಉತ್ತರವಿಲ್ಲ. ನಿನಗೆ ನಂಬಿಕೆ ಸಾಲದು ಎನ್ನುತ್ತಾರೆ.

ಉತ್ತರ: ಆ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಶರೀರದಲ್ಲಿ ನಾಟಿದ ಶೂಲ ಹೋಗಲೆಂದು ಪೌಲ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಬಂತು (2 ಕೊರಿಂಥ 12). ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಬೇಡಿದ್ದೂ ಮೂರು ಸಲವೇ, ಸಂಕಟದ ಪಾತ್ರೆ ತಪ್ಪಲಿಲ್ಲ. ಇವರಿಗೆ ನಂಬಿಕೆ ಸಾಲದೆಂದು ಹೇಳುವ ಧೈರ್ಯ ಯಾರಿಗಿದೆ?

ಮುಂದೆ ಬಿಷಪ್ ಆದ ಆಗಸ್ಟಿನ್‌ನ ತಾಯಿ ಮೋನಿಕಾ ವಿಷಯವೂ ಹೀಗೆಯೇ. 383ರಲ್ಲಿ ಮಗ ಕಾರ್ಥೇಜ್ ಬಿಟ್ಟು ರೋಮ್‌ಗೆ ಹೋಗಬಾರದೆಂದು ಅವಳು ರಾತ್ರಿಯಿಡೀ ಅತ್ತು ಪ್ರಾರ್ಥಿಸಿದಳು. ಮಗ ಸುಳ್ಳು ಹೇಳಿ ಆ ರಾತ್ರಿಯೇ ಹಡಗು ಹತ್ತಿದ. ಆದರೆ ರೋಮ್‌ನಿಂದ ಮಿಲಾನ್‌ಗೆ ಹೋಗಿ, ಅಲ್ಲಿ ಬಿಷಪ್ ಆಂಬ್ರೋಸ್‌ರ ಉಪದೇಶ ಕೇಳಿ, 387ರ ಈಸ್ಟರ್‌ನಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದ. ಅವಳು ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ. ಸದಾ ಕೇಳುತ್ತಿದ್ದುದನ್ನು, ಅಂದರೆ ಮಗನ ಮನಪರಿವರ್ತನೆಯನ್ನು, ಕೊಡಲೆಂದೇ ಕೊಡಲಿಲ್ಲ ಎಂದು ಆಗಸ್ಟಿನ್ ಆಮೇಲೆ ಬರೆದುಕೊಂಡ.

ಎಲ್ಲ ನಿರಾಕರಣೆಗೂ ಇಂಥ ವಿವರಣೆ ಈ ಲೋಕದಲ್ಲೇ ಸಿಗುತ್ತದೆಂದು ನಾವು ಹೇಳಲಾರೆವು. ಅಳು ಬಂದರೆ ಅಳುತ್ತಲೇ ಪ್ರಾರ್ಥಿಸಿ. 13ನೇ ಕೀರ್ತನೆ ಶುರುವಾಗುವುದೇ ‘ಎಷ್ಟರವರೆಗೆ?’ ಎಂಬ ದೂರಿನಿಂದ.

ಪ್ರಶ್ನೆ: ಪ್ರಾರ್ಥನೆಗೆ ಉತ್ತರ ಬಂತೆಂದು ತಿಳಿಯುವುದು ಹೇಗೆ? ಬಾಗಿಲು ತಾನಾಗಿ ತೆರೆದರೆ ಅದು ದೇವರ ಚಿತ್ತವೇ?

ಉತ್ತರ: ಬಾಗಿಲು ತೆರೆದದ್ದೊಂದೇ ಸಾಲದು. ನಿನೆವೆಗೆ ಹೋಗಬೇಕಿದ್ದ ಯೋನ ದೇವರಿಂದ ಓಡಿಹೋದಾಗ ಯೊಪ್ಪದಲ್ಲಿ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು, ಪ್ರಯಾಣದ ದರ ಕೊಡಲು ಹಣವೂ ಇತ್ತು. ಅನುಕೂಲವನ್ನೇ ಆಜ್ಞೆ ಎಂದುಕೊಂಡರೆ ಇಂಥಲ್ಲೇ ಎಡವುತ್ತೇವೆ. ಇಸ್ರಾಯೇಲಿನ ನಾಯಕ ಗಿದ್ಯೋನ ನೆಲದ ಮೇಲೆ ಕುರಿಯ ಉಣ್ಣೆ ಇಟ್ಟು, ಅದು ಮಾತ್ರ ಇಬ್ಬನಿಯಿಂದ ನೆನೆಯಲಿ ಎಂದು ದೇವರಲ್ಲಿ ಗುರುತು ಕೇಳಿದ್ದನ್ನು ಹಲವರು ಮಾದರಿ ಎನ್ನುತ್ತಾರೆ. ಆದರೆ ಅವನು ಗುರುತು ಕೇಳಿದ್ದು ಆಜ್ಞೆ ಸ್ಪಷ್ಟವಾದ ಮೇಲೆ, ಅಳುಕಿನಿಂದ. ಮೊದಲು ಬೈಬಲಿನ ವಾಕ್ಯಕ್ಕೆ ಒಪ್ಪುತ್ತದೆಯೇ ನೋಡಿ, ಆಮೇಲೆ ನಿಮ್ಮನ್ನು ಬಲ್ಲ, ಮುಖಸ್ತುತಿ ಮಾಡದ ಇಬ್ಬರು ವಿಶ್ವಾಸಿಗಳನ್ನು ಕೇಳಿ. ಸಂದರ್ಭದ ಸರದಿ ಕೊನೆಗೆ.

ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ತಾರೀಕು, ಒಂದೇ ಸಾಲಿನ ಕೋರಿಕೆ. ಬಲಪುಟ ಖಾಲಿ ಇರಲಿ. ‘ಮನೆಯವರನ್ನು ಆಶೀರ್ವದಿಸು’ ಎಂದು ಬರೆದರೆ ಉತ್ತರ ಬಂದರೂ ಗುರುತು ಸಿಗದು. ‘ಅಣ್ಣ ತಮ್ಮ ಮತ್ತೆ ಮಾತಾಡಲಿ’ ಎಂದು ಬರೆಯಿರಿ. ಆದದ್ದನ್ನು ನೋಡಿಕೊಂಡು ಹಳೆಯ ಕೋರಿಕೆಯನ್ನು ತಿದ್ದಲೇಬೇಡಿ. ಆಗದಿದ್ದುದನ್ನೂ ಬಲಪುಟದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಓದಿದರೆ ಸಾಕು. ದಿನಾ ತಿರುವಿದರೆ ಬಿತ್ತಿದ ಬೀಜ ಕೆದಕಿದಂತೆ. ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್ ಹೀಗೇ ದಾಖಲೆ ಇಡುತ್ತಿದ್ದರು. 1844ರ ನವೆಂಬರ್‌ನಿಂದ ಐವರ ಮನಪರಿವರ್ತನೆಗಾಗಿ ಪ್ರತಿದಿನ ಬೇಡಿದರು: ಮೊದಲಿಗ ತಿರುಗಿದ್ದು 18 ತಿಂಗಳಿಗೆ, ಎರಡನೆಯವ ಮತ್ತೆ 5 ವರ್ಷಕ್ಕೆ, ಮೂರನೆಯವ ಇನ್ನೂ 6 ವರ್ಷಕ್ಕೆ. ಉಳಿದಿಬ್ಬರಿಗಾಗಿ ದಶಕಗಳು ಕಳೆದರೂ ನಿಲ್ಲಿಸಲಿಲ್ಲ.

ಪ್ರಶ್ನೆ: ಗುಣವಾಗಲೆಂದು ಪ್ರಾರ್ಥಿಸಿದ ಮೇಲೂ ಔಷಧ ತೆಗೆದುಕೊಂಡರೆ ಅಪನಂಬಿಕೆಯಲ್ಲವೇ?

ಉತ್ತರ: ಅಲ್ಲ. ಮಾತ್ರೆ ನಿಲ್ಲಿಸಬೇಡಿ. ಸಾಯುವಷ್ಟು ಕಾಯಿಲೆಬಿದ್ದಿದ್ದ ಯೆಹೂದದ ಅರಸ ಹಿಜ್ಕೀಯನ ಪ್ರಾರ್ಥನೆ ಕೇಳಿ ದೇವರು ಅವನ ಆಯುಷ್ಯಕ್ಕೆ 15 ವರ್ಷ ಸೇರಿಸಿದರು. ಆ ಮಾತನ್ನು ತಂದ ಪ್ರವಾದಿ ಯೆಶಾಯನೇ ಅಂಜೂರದ ಹಣ್ಣಿನ ಮುದ್ದೆಯನ್ನು ಹುಣ್ಣಿಗೆ ಹಚ್ಚಿಸಿದ (2 ಅರಸು 20:7).